ಒಂದೇ ಬಾಗಿಲು

ದನ ಒಳಗೆ ಬರುವ ಬಾಗಿಲಿನಿಂದಲೇ ಮನೆಯೊಡತಿಯೂ ಒಳಗೆ ಬರಬೇಕೆಂದರೆ, ಅದನ್ನು ಬಡತನವೆನ್ನೋಣವೇ, ಅಕ್ಕರೆಯೆನ್ನೋಣವೇ? ವೇಲ್ಸ್ ದೇಶದ ಹಳೆಯ ರೈತರ ಮನೆಗಳ ವಿಷಯಕ್ಕೆ ಬಂದಾಗ ನನ್ನನ್ನು ಕಾಡುವ ಪ್ರಶ್ನೆ ಇದು.

ಕಿಲೆವೆಂಟ್ ಎಂಬುದು ಅಂಥದೊಂದು ಮನೆ. ಮಧ್ಯ ವೇಲ್ಸಿನ ಕ್ಲೈರ್‌ವೆನ್ ಕಣಿವೆಯಲ್ಲಿತ್ತು. ಸುಮಾರು 1470ರಲ್ಲಿ ಮರದ ಚೌಕಟ್ಟಿನ ಮೇಲೆ ಎದ್ದ ಮನೆ, 1734ರಲ್ಲಿ ಕಲ್ಲಿನ ಗೋಡೆ ಹೊದ್ದುಕೊಂಡಿತು. 1950ರ ದಶಕದಲ್ಲಿ ಅದನ್ನು ಬಿಚ್ಚಿ ತಂದು, ಕಾರ್ಡಿಫ್ ನಗರದ ಹತ್ತಿರ ಸೇಂಟ್ ಫ್ಯಾಗನ್ಸ್ ಎಂಬಲ್ಲಿರುವ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲಿನವರ ಭಾಷೆಯಲ್ಲಿ ಇಂಥ ಮನೆಗೆ ‘ಟೀ ಹೀರ್’ ಎನ್ನುತ್ತಾರೆ, ಉದ್ದ ಮನೆ ಎಂದರ್ಥ. ಹೆಸರಿಗೆ ತಕ್ಕಂತೆ ಉದ್ದಕ್ಕೆ ಮಲಗಿದ ಕಟ್ಟಡ. ಒಂದು ತುದಿಯಲ್ಲಿ ಒಲೆ, ಮಂಚ, ಮಕ್ಕಳು. ಇನ್ನೊಂದು ತುದಿಯಲ್ಲಿ ದನ, ಕುದುರೆ. ಎಲ್ಲರಿಗೂ ಒಂದೇ ಸೂರು, ಒಂದೇ ಬಾಗಿಲು. ಇಂಥ ಮನೆಗಳನ್ನು ಸಾಮಾನ್ಯವಾಗಿ ಇಳಿಜಾರಿನಲ್ಲಿ ಕಟ್ಟುತ್ತಿದ್ದರು. ಮೇಲಿನ ತುದಿ ಮನುಷ್ಯರಿಗೆ, ತಗ್ಗಿನ ತುದಿ ದನಗಳಿಗೆ, ಗಂಜಲ ತಾನಾಗಿ ಹೊರಗೆ ಹರಿದು ಹೋಗಲೆಂದು. ಕಟ್ಟಿದವನು ಯಾರೋ ತಿಳಿಯದು, ಕಸ ಬಳಿಯುವವಳ ಕಷ್ಟವನ್ನಂತೂ ಬಲ್ಲವನಿರಬೇಕು.

ಹಸುವಿಗೆ ಒಲೆಯ ಬೆಂಕಿ ಕಾಣುತ್ತಿದ್ದರೆ ಹೆಚ್ಚು ಹಾಲು ಕೊಡುತ್ತದೆ ಎಂಬ ನಂಬಿಕೆ ಆ ಸೀಮೆಯಲ್ಲಿತ್ತು. ನಿಜವೋ ಸುಳ್ಳೋ, ಕೇಳಲು ಹಿತವಾಗಿದೆ.

ಮಗಳ ಜೊತೆ ಇದನ್ನು ನೋಡಲು ಹೋಗಿದ್ದಾಗ ಅವಳು, “ಎಷ್ಟು ಚೆನ್ನಾಗಿದೆಯಲ್ಲಮ್ಮಾ, ಎಲ್ಲರೂ ಒಟ್ಟಿಗೆ!” ಎಂದಳು. ಚೆನ್ನಾಗಿಯೇ ಇತ್ತು. 1750ರ ಸುಮಾರಿನಲ್ಲಿ ಹೇಗಿದ್ದಿರಬಹುದೋ ಹಾಗೆ ಜೋಡಿಸಿಟ್ಟಿದ್ದಾರೆ. ಓಕ್ ಮರದ ಸಾಮಾನು ಹೊಳೆಯುತ್ತಿದೆ. ಆದರೆ ದನದ ಕಡೆ ದನವಿಲ್ಲ, ವಾಸನೆಯಿಲ್ಲ, ನೊಣವಿಲ್ಲ. ಮಳೆಗಾಲವೆಂಬುದೇ ಬೇರೆಯಿಲ್ಲದ, ವರ್ಷವಿಡೀ ಮಳೆ ಬೀಳುವ ನಾಡಿನಲ್ಲಿ ಆ ಬಾಗಿಲಿನಿಂದ ದಿನಕ್ಕೆ ಎಷ್ಟು ಕೆಸರು ಒಳಗೆ ಬಂದಿರಬೇಕು! ಅದನ್ನು ಗುಡಿಸಿದವಳನ್ನು ನಿಲ್ಲಿಸಿ, “ನಿನ್ನ ಮನೆ ಎಷ್ಟು ಚೆನ್ನಾಗಿದೆ” ಎಂದಿದ್ದರೆ ಏನೆನ್ನುತ್ತಿದ್ದಳೋ. ನಮ್ಮ ಮನೆಯಲ್ಲಿ ಒಂದು ದಿನವೂ ಸಹಿಸದ್ದನ್ನು ಇನ್ನೊಬ್ಬಳ ಮನೆಯಲ್ಲಿ ಕಂಡು ಹೊಗಳುವ ಸುಖ ನನಗೆ ಅಷ್ಟು ಸರಿಕಾಣುವುದಿಲ್ಲ. ಮಗಳಿಗೆ ಹಾಗೆಂದೆ. “ನಿನಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತದೆ” ಎಂದು ಅವಳು ಮುಂದಕ್ಕೆ ಹೋದಳು.

ದನಕ್ಕೂ ಮನುಷ್ಯರಿಗೂ ನಡುವೆ ಗೋಡೆ ಬರಲಿ, ಕೊಟ್ಟಿಗೆ ಬೇರೆಯಾಗಲಿ ಎಂದು ಆ ಹೆಂಗಸು ಹಂಬಲಿಸಿದ್ದರೆ ನಾನು ಅವಳ ಕಡೆಯೇ. ಕಾಲ ಕಳೆದಂತೆ ಬಂತು ಕೂಡ. ಕೈಯಲ್ಲಿ ನಾಲ್ಕು ಕಾಸು ಆಡಿದ ರೈತರು ಹಟ್ಟಿಯನ್ನು ದೂರ ಕಟ್ಟಿದರು, ಮನೆಗೆ ಬೇರೆ ಬಾಗಿಲು ಇಟ್ಟರು, ಮಹಡಿಯ ಮೇಲೆ ಮಲಗುವ ಕೋಣೆಗಳಾದವು. ಯಾರೂ ಬೇಡವೆನ್ನುವ ಮಾತಲ್ಲ.

ಆದರೆ ಗೋಡೆಯ ಕತೆ ಅಲ್ಲಿಗೆ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ, ವಾಯವ್ಯ ವೇಲ್ಸಿನ ದೊಡ್ಡ ಹೊಲಮನೆಗಳಲ್ಲಿ, ಮದುವೆಯಾಗದ ಆಳುಮಕ್ಕಳು ಮಲಗುತ್ತಿದ್ದುದು ಮನೆಯೊಳಗಲ್ಲ, ಕುದುರೆಲಾಯದ ಅಟ್ಟದ ಮೇಲೆ. ಊಟವೂ ಎಷ್ಟೋ ಕಡೆ ಮನೆಯವರ ಮೇಜಿನಲ್ಲಿ ಇಲ್ಲವಾಯಿತು; ಹಿಂದಿನ ಅಡಿಗೆಕೋಣೆಯಲ್ಲಿ ಬೇರೆ ಬಡಿಸುತ್ತಿದ್ದರು. ದನವನ್ನು ಹೊರಗಿಡಲು ಹೊರಟವರು ಹುಡುಗರನ್ನೂ ದನದ ಪಾಲಿಗೆ ಸೇರಿಸಿಬಿಟ್ಟಿದ್ದರು. ಯಾರೂ ಕೆಟ್ಟವರಾಗಿರಬೇಕಿಲ್ಲ. ಮನೆ ಶುದ್ಧವಾಗಿರಲಿ, ಬೆಳೆದ ಹೆಣ್ಣುಮಕ್ಕಳಿಗೆ ಮರೆಯಿರಲಿ ಎಂದು ಒಬ್ಬ ಒಳ್ಳೆಯ ತಾಯಿಯೇ ಆ ಏರ್ಪಾಟು ಮಾಡಿರಬಹುದು. ನಾನಾಗಿದ್ದರೆ ಮಾಡುತ್ತಿರಲಿಲ್ಲವೇ? ಈ ಪ್ರಶ್ನೆಗೆ ಧೈರ್ಯವಾಗಿ ‘ಇಲ್ಲ’ ಎನ್ನಲು ನನ್ನಿಂದಾಗುತ್ತಿಲ್ಲ. ಉದ್ದ ಮನೆಯ ಹಸುವಿಗೆ ಒಲೆ ಕಾಣಲೆಂದು ಬಯಸಿದ ಜನರ ಮೊಮ್ಮಕ್ಕಳ ಕಾಲಕ್ಕೆ, ಅವರ ಹೊಲ ಉಳುವ ಹುಡುಗನಿಗೆ ಅದು ಕಾಣದಾಯಿತು.

ಆ ಅಟ್ಟಗಳಲ್ಲಿ ಹುಡುಗರು ರಾತ್ರಿ ಲಾವಣಿ ಹೇಳುತ್ತಿದ್ದರಂತೆ. ಕೆಳಗೆ ಕುದುರೆಗಳು ಕಾಲು ಬದಲಿಸುವ ಸದ್ದು, ಹುಲ್ಲಿನ ವಾಸನೆ. ಚಳಿಗಾಲದಲ್ಲಿ ಹಲಗೆಗಳ ಸಂದಿನಿಂದ ಮೇಲೇರಿ ಬರುವ ಕುದುರೆಯ ಉಸಿರಿನ ಬಿಸಿಯೇ ಅವರಿಗೆ ಬೆಚ್ಚಗೆ.