ಇಂದಿನ ಚಿಂತನೆ: ನೆರೆಯವರ ಮಾತಿನ ತೂಕ

 

ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೆಯ ಕೊಲ್ಹಾರ ಮುಳುಗಿತು. ಮನೆಗಳನ್ನು ಬಿಟ್ಟು ಬಂದೆವು. ಮನೆತನಗಳ ಮೇಲಿನ ಮಾತನ್ನು ಮಾತ್ರ ಹೊತ್ತು ತಂದೆವು.

ಒಮ್ಮೆ ಹೆಣ್ಣು ನೋಡಲು ಬಂದವರು ನನ್ನನ್ನು ಕೇಳಿದರು, "ಆ ಮನೆತನ ಹ್ಯಾಂಗ್ರಿ?" "ಮಂದಿ ಚಲೋ ಹೇಳೂದಿಲ್ಲ" ಅಂದೆ. ಸಂಬಂಧ ಮುರಿಯಿತು. ಆ ಮಂದಿ ಯಾರು? ಹೊಲದ ಬದುವಿಗಾಗಿ ಅವರೊಡನೆ ಜಗಳಾಡಿದ ಒಂದೇ ಮನೆ. ಉಳಿದವರು ಅವರಿಂದ ಕೇಳಿದವರು. ಬಾಯಿ ಹತ್ತು, ಸಾಕ್ಷಿ ಒಂದು. ನಾನು ಹನ್ನೊಂದನೆಯ ಬಾಯಿಯಾದೆ.

"ಅವರು ಅಂಥವರು" ಎಂಬ ಮಾತು ಒಂದು ಕಾಲಕ್ಕೆ ಕಾಯ್ದೆಯೇ ಆಗಿತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳಿಗೆ ಹಣೆಪಟ್ಟಿ ಹಚ್ಚಿತು. ಆ ಘೋಷಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ನಮ್ಮ ವಿಜಯಪುರದಲ್ಲೂ ಅವರನ್ನು ಇರಿಸುವ ಸೆಟ್ಲ್‌ಮೆಂಟ್ ಇತ್ತು. 1952ರಲ್ಲಿ ಕಾಯ್ದೆ ರದ್ದಾಯಿತು, ಸಂಶಯ ರದ್ದಾಗಲಿಲ್ಲ.

ದೀಘ ನಿಕಾಯದ ಬ್ರಹ್ಮಜಾಲ ಸುತ್ತದಲ್ಲಿ ಬುದ್ಧರು ಭಿಕ್ಖುಗಳಿಗೆ ತಿಳಿಹೇಳುತ್ತಾರೆ: ನನ್ನನ್ನು ನಿಂದಿಸಿದರೆ ಸಿಟ್ಟಾಗಬೇಡಿ, ಹೊಗಳಿದರೆ ಉಬ್ಬಬೇಡಿ, ಸಿಟ್ಟಾದವರಿಗೆ ಆ ಮಾತು ಸರಿಯೋ ತಪ್ಪೋ ತಿಳಿಯದು.

ಹಾಗಾಗಿ ಹಗೆಯವರ ಮಾತನ್ನೂ ಎಸೆಯಬೇಕಿಲ್ಲ, ಅದರಲ್ಲಿ ನಿಜವಿರಬಹುದು. ಮೂರು ಪ್ರಶ್ನೆ ಕೇಳೋಣ. ಇದು ಕಂಡದ್ದೋ, ಕೇಳಿದ್ದೋ? ಜಗಳಕ್ಕೆ ಮೊದಲೂ ಹೀಗೇ ಹೇಳುತ್ತಿದ್ದರೇ? ಒಬ್ಬರ ತಪ್ಪನ್ನು ಮನೆಮಂದಿಗೆಲ್ಲ ಹಚ್ಚುತ್ತಿದ್ದಾರೆಯೇ?

ಉತ್ತರ ಸಿಗದಿದ್ದರೆ "ನನಗೆ ಗೊತ್ತಿಲ್ಲ" ಅನ್ನುವುದೇ ಸಮ್ಮಾ ವಾಚಾ. ಅಂದು ನಾನು ಆಡಬೇಕಿದ್ದದ್ದು ಆ ಎರಡೇ ಪದ.

ಭವತು ಸಬ್ಬ ಮಂಗಲಂ.