ಯಾರನ್ನು ಪ್ರೀತಿಸಬೇಕೆಂಬ ಲೆಕ್ಕ

ಮಣಿಪಾಲದ ಮಳೆಗಾಲದಲ್ಲಿ ಸಂಜೆ ಆರರ ನಂತರ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಕೆಲಸ ಎರಡೇ: ಪ್ರಬಂಧದ ಅಧ್ಯಾಯ ತಿದ್ದುವುದು, ಇಲ್ಲವೇ ತಿದ್ದುವುದನ್ನು ಮುಂದೂಡಲು ಸಿನಿಮಾ ನೋಡುವುದು. ಕಳೆದ ಜುಲೈಯಲ್ಲಿ ಹಾಗೆ ಮುಂದೂಡುತ್ತ ಗೆಳತಿಯ ಕೋಣೆಯಲ್ಲಿ ಬ್ಯಾರಿ ಜೆಂಕಿನ್ಸ್‌ನ ‘ಮೆಡಿಸಿನ್ ಫಾರ್ ಮೆಲಂಕಲಿ’ ನೋಡಿದೆ. ‘ಮೂನ್‌ಲೈಟ್’ಗೆ ಆಸ್ಕರ್ ಬರುವುದಕ್ಕೆ ಎಷ್ಟೋ ವರ್ಷ ಮೊದಲು, 2008ರಲ್ಲಿ, ಸುಮಾರು 15 ಸಾವಿರ ಡಾಲರಿನಲ್ಲಿ ಅವನು ಮಾಡಿದ ಮೊದಲ ಚಿತ್ರ ಅದು. ಒಬ್ಬ ಕಪ್ಪು ಹುಡುಗ, ಒಬ್ಬಳು ಕಪ್ಪು ಹುಡುಗಿ, ಒಂದು ದಿನದ ಪ್ರೇಮಕಥೆ. ಅದರ ಬಗ್ಗೆ ನಾನು ಓದಿದ್ದೆಲ್ಲ ಹೊಗಳಿಕೆಯೇ. ಬಂದೂಕು, ಜೈಲುಗಳಿಲ್ಲದೆ ಅಂಥ ಇಬ್ಬರು ಸುಮ್ಮನೆ ಸೈಕಲ್ ತುಳಿಯುತ್ತ ಹತ್ತಿರವಾಗುವುದನ್ನು ಅಮೆರಿಕದ ಸಿನಿಮಾ ಎಷ್ಟು ಸಲ ತೋರಿಸಿದೆ? ಇಷ್ಟವಾಗಲೇಬೇಕು ಎಂದು ತೀರ್ಮಾನಿಸಿಕೊಂಡೇ ಕೂತಿದ್ದೆ.

ಮೊದಲರ್ಧ ಇಷ್ಟವಾಯಿತು ಕೂಡ. ಪಾರ್ಟಿಯ ಮರುದಿನ ಯಾರದೋ ಮನೆಯಲ್ಲಿ ಎದ್ದ ಮೈಕಾ ಮತ್ತು ಜೋ ಒಬ್ಬರಿಗೊಬ್ಬರು ಅಪರಿಚಿತರು. ಟ್ಯಾಕ್ಸಿಯಲ್ಲಿ ಅವಳು ಪರ್ಸ್ ಬಿಟ್ಟು ಹೋಗುತ್ತಾಳೆ, ಅವನು ಹುಡುಕಿಕೊಂಡು ಬರುತ್ತಾನೆ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ದಿಣ್ಣೆಗಳ ಮೇಲೆ ಸೈಕಲ್ ಸವಾರಿ, ಮ್ಯೂಸಿಯಂ, ಮಕ್ಕಳು ಕೂರುವ ತಿರುಗುವ ಕುದುರೆಗಳು. ಛಾಯಾಗ್ರಾಹಕ ಜೇಮ್ಸ್ ಲ್ಯಾಕ್ಸ್‌ಟನ್ ಚಿತ್ರದ ಬಣ್ಣವನ್ನೆಲ್ಲ ಹಿಂಡಿ ತೆಗೆದಂತಿದೆ. ನಮ್ಮ ಆಷಾಢದ ಮಧ್ಯಾಹ್ನದ ಹಾಗೆ.

ರಾತ್ರಿಯಾಗುತ್ತಿದ್ದಂತೆ ಎಲ್ಲ ಕೆಡುತ್ತದೆ. ಜೋಗೆ ಬಿಳಿಯ ಪ್ರಿಯಕರನಿದ್ದಾನೆ, ಸದ್ಯ ಲಂಡನ್ನಿನಲ್ಲಿ. ಮೈಕಾಗೆ ಅದು ಮೊದಲೇ ಗೊತ್ತು. ಕುಡಿದ ಮೇಲೆ ಹೊರಬರುವುದು ಹೊಟ್ಟೆಕಿಚ್ಚಲ್ಲ, ಸಮುದಾಯದ ಲೆಕ್ಕ. ಊರಿನಲ್ಲಿ ಕಪ್ಪು ಜನ ಉಳಿದಿರುವುದೇ ಶೇಕಡಾ 7, ಅದರಲ್ಲಿ ನೀನೂ ಅವನ ಜೊತೆ ಏಕೆ ಎನ್ನುವ ಧಾಟಿ. ಅವಳು ತಿರುಗಿ ವಾದಿಸುತ್ತಾಳೆ, ನಿಜ. ಆದರೆ ವಾದದ ವಿಷಯ ಆರಿಸಿದ್ದು ಅವನು. ಬೆಳಿಗ್ಗೆ ಅವಳು ಸೈಕಲ್ ಹತ್ತಿ ಹೋಗುತ್ತಾಳೆ. ಚಿತ್ರ ಮುಗಿಯಿತು. ನನಗೆ ಮೋಸಹೋದಂತೆ ಅನಿಸಿತು.

“ನೀನು ಅದನ್ನು ಕಾಪುವಿನ ಕಿವಿಯಲ್ಲಿ ಕೇಳಿದ್ದಿ ಮಾರಾಯ್ತಿ,” ಅಂದಳು ಗೆಳತಿ.

ಅವಳು ಹೇಳಿದ್ದು ಎರಡು ವರ್ಷ ಹಿಂದಿನ ಒಂದು ಭಾನುವಾರದ ಬಗ್ಗೆ. ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ನಾನು ಮತ್ತು ನನ್ನ ಜೊತೆ ಓದುವ ಹುಡುಗ ಕೂತು ಚುರುಮುರಿ ತಿನ್ನುತ್ತಿದ್ದೆವು. ಇಬ್ಬರು ಬಂದು ಹೆಸರು ಕೇಳಿದರು. ಮೊದಲು ಅವನದು, ಆಮೇಲೆ ನನ್ನದು. ಎರಡು ಹೆಸರೂ ಒಂದೇ ಧರ್ಮದವಲ್ಲ ಎಂದು ಗೊತ್ತಾದಾಗ ಒಬ್ಬ, “ಇಲ್ಲ್ ಓಲು?” ಎಂದ. ಮನೆ ಎಲ್ಲಿ ಎಂದು ತುಳುನಾಡಿನಲ್ಲಿ ಯಾರೂ ಯಾರನ್ನೂ ಕೇಳಬಹುದು, ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಯೂ ಕೇಳುತ್ತಾಳೆ. ಅವತ್ತು ಅದೇ ಎರಡು ಪದ ಬೇರೆಯಾಗಿದ್ದವು. ಕಾರ್ಕಳ ಎಂದೆ. ಅವರು ಹೋದರು. ಏನೂ ಆಗಲಿಲ್ಲ. ಆದರೆ ಅಂದಿನಿಂದ ನಾವಿಬ್ಬರೂ ಕಾಪುವಿಗೆ ಹೋಗಿಲ್ಲ, ಏಕೆಂದು ಮಾತಾಡಿಕೊಂಡೂ ಇಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಮೇಲೆ ದಾಳಿಯಾದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. 2012ರಲ್ಲಿ ಹೋಮ್‌ಸ್ಟೇ ದಾಳಿಯಾದಾಗ ಹೈಸ್ಕೂಲು. ಹೆಸರು ಕೇಳುವುದು ಎಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಗೆಳತಿಯ ವಾದ ಸರಿಯಾದದ್ದೇ. ಮೈಕಾ ಆ ಇಬ್ಬರಲ್ಲ. ಅವರ ಹಿಂದೆ ಊರಿಗೆ ಊರೇ ಇತ್ತು. ಮೈಕಾನನ್ನು ಊರೇ ಹೊರದೂಡುತ್ತಿದೆ. ಬಾಡಿಗೆ ಏರುತ್ತಿದೆ, ಅವನ ಜನರ ಕೇರಿಗಳು ಹಿಂದೆಯೇ ಒಡೆದುಹೋಗಿವೆ. ಕಾಣೆಯಾಗುತ್ತಿರುವವನು ‘ನಮ್ಮವಳು’ ಎನ್ನುವುದಕ್ಕೂ, ತುಂಬಿಕೊಂಡಿರುವವರು ಅದೇ ಮಾತು ಆಡುವುದಕ್ಕೂ ಅಜಗಜಾಂತರ. ಒಂದು ಒಂಟಿತನ, ಇನ್ನೊಂದು ಪಹರೆ. ಇದನ್ನು ಮರೆತರೆ ನನ್ನ ನಿರಾಶೆ ಬರೀ ಸೋಮಾರಿತನ.

ಒಪ್ಪಿದೆ. ಆದರೆ ಆ ವ್ಯತ್ಯಾಸ ಕೇಳುವವರ ಕಡೆಯದು. ಉತ್ತರ ಕೊಡಬೇಕಾದವಳು ಎರಡೂ ಕಡೆ ಹೆಣ್ಣೇ, ಎರಡೂ ಕಡೆ ಅವಳ ಇಷ್ಟ ಇನ್ನೊಬ್ಬರ ಆಸ್ತಿಪತ್ರ. ಮೈಕಾ ಆ ಪ್ರಶ್ನೆ ಕೇಳಿದ್ದಕ್ಕೆ ನನಗೆ ಬೇಸರವಿಲ್ಲ, ನೊಂದವರು ಕೇಳುತ್ತಾರೆ. ಅವನ ನೋವಿಗೆ ಒಂದಿಡೀ ನಗರವನ್ನೇ ಕೊಟ್ಟ ಚಿತ್ರ, ಅವಳ ಇಷ್ಟಕ್ಕೆ ಅಷ್ಟು ಜಾಗ ಕೊಡಲಿಲ್ಲ ಎಂಬುದೇ ಬೇಸರ. ಬಡ ಬಜೆಟ್ಟಿನ, ನ್ಯಾಯದ ಪಕ್ಷದಲ್ಲಿರುವ ಚಿತ್ರದ ಬಗ್ಗೆ ಹೀಗೆ ದೂರಬಹುದೇ ಎಂಬ ಅಳುಕು ಮಾತ್ರ ಹೋಗಲಿಲ್ಲ.

ಅದೇ ವಾರಾಂತ್ಯ ಹಿರಿಯಡಕ, ಬೈಲೂರು ದಾಟಿ ಊರಿಗೆ ಹೋದವಳು, ಎಂ.ಎ.ಯಲ್ಲಿ ಬರೆದ ಒಂದು ಸೆಮಿನಾರ್ ಪ್ರಬಂಧವನ್ನು ಹುಡುಕಿ ತೆಗೆದೆ. ವಿಷಯ ‘ಚೋಮನ ದುಡಿ’. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ 1975ರ ಚಿತ್ರ. ಚಿತ್ರಕ್ಕೆ ಸ್ವರ್ಣಕಮಲ, ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವ ರಾಯರಿಗೆ ರಾಷ್ಟ್ರಪ್ರಶಸ್ತಿ. ನನ್ನ ಪ್ರಬಂಧದಲ್ಲಿ ಭೂಮಿ ಇತ್ತು, ಜಾತಿ ಇತ್ತು, ದುಡಿಯ ಸದ್ದಿನ ಬಗ್ಗೆ ಎರಡು ಪುಟ ಇತ್ತು. ಬೆಳ್ಳಿಗೆ ಒಂದೇ ಪ್ಯಾರಾ. ಮಗ ಗುರುವ ಕ್ರಿಶ್ಚಿಯನ್ ಹುಡುಗಿಯನ್ನು ಮೆಚ್ಚಿ ಹೊರಟುಹೋಗುತ್ತಾನೆ. ಅದು ಅವನ ಬಿಡುಗಡೆ ಎಂದು ಬರೆದಿದ್ದೆ. ಸಾಲ ತೀರಿಸಲು ತೋಟಕ್ಕೆ ದುಡಿಯಲು ಹೋದ ಬೆಳ್ಳಿಯನ್ನು ಮನ್ವೇಲನೊಂದಿಗೆ ಕಂಡು ಚೋಮ ಹೊಡೆದು ಅಟ್ಟುತ್ತಾನೆ. ಅದು ‘ತಂದೆಯ ಅಸಹಾಯಕತೆ’ ಎಂದು ಬರೆದಿದ್ದೆ. ಅಟ್ಟಿಸಿಕೊಂಡವಳು ಎಲ್ಲಿಗೆ ಹೋದಳು, ಅವಳಿಗೆ ಯಾರಾದರೂ ಬೇಕಾಗಿದ್ದರೇ ಎಂದು ನನಗೆ ಹೊಳೆದೇ ಇರಲಿಲ್ಲ. ಅಂಚಿನಲ್ಲಿ ಮೇಷ್ಟ್ರ ಕೈಬರಹದ ‘ಚೆನ್ನಾಗಿದೆ’ ಬೇರೆ.

ಜೆಂಕಿನ್ಸ್‌ಗೆ ಕೊಡದ ಮಾಫಿಯನ್ನು ನಮ್ಮ ಚಿತ್ರಕ್ಕೆ ಅಷ್ಟು ಸಲೀಸಾಗಿ ಹೇಗೆ ಕೊಟ್ಟೆ? ಗೌರವದಿಂದ ಎಂದುಕೊಂಡಿದ್ದೆ. ನಾನು ಚೋಮನ ಸಮುದಾಯದವಳಲ್ಲ. ಆ ಮನೆಯಿಂದ ನಾನು ನಿರೀಕ್ಷಿಸಿದ್ದು ದುಃಖವನ್ನು ಮಾತ್ರ. ಅದು ಧಾರಾಳವಾಗಿ ಸಿಕ್ಕಿತು, ನಿರಾಶೆಯಾಗಲಿಲ್ಲ. ಜೋಳಿಂದ ಪ್ರೀತಿಯನ್ನು ನಿರೀಕ್ಷಿಸಿದ್ದೆ. ಬೆಳ್ಳಿಯಿಂದ ಅದನ್ನು ನಿರೀಕ್ಷಿಸದೆ ಹೋದದ್ದು ಕಾರಂತರಿಬ್ಬರ ತಪ್ಪಲ್ಲ.

ಸಂಜೆ ಅಮ್ಮ ಹಲಸಿನ ಬೀಜ ಸುಲಿಯುತ್ತಿದ್ದರು. ಸಿನಿಮಾದ ಕಥೆ ಹೇಳಿದೆ.

“ಕಡೆಗೆ ಹುಡುಗಿ ಎಂಥ ಮಾಡಿದಳು?”

“ಸೈಕಲ್ ಹತ್ತಿ ಹೋದಳು.”

“ಇಬ್ಬರಲ್ಲಿ ಯಾರು ಇಷ್ಟ ಅಂತ ಹೇಳಿದಳಾ?”

“ಇಲ್ಲ.”

“ಮತ್ತೆಂಥ ಲವ್ ಸ್ಟೋರಿ ಮಾರಾಯ್ತಿ ಅದು!” ಎಂದು ನಕ್ಕರು. ಆಮೇಲೆ ಕೈ ನಿಲ್ಲಿಸಿ ನನ್ನ ಮುಖ ನೋಡಿ, “ಯಾರೊಟ್ಟಿಗೆ ನೋಡಿದ್ದು?” ಅಂದರು.

ಗೆಳತಿಯ ಹೆಸರು ಹೇಳಿದೆ. ಅದು ನಿಜವೇ. ಕಾಪುವಿನ ಭಾನುವಾರವನ್ನು ಮಾತ್ರ ಅಮ್ಮನಿಗೆ ಇನ್ನೂ ಹೇಳಿಲ್ಲ.