ನೂರೆಂಟು ಖಾತೆ

ಅಂಚೆಚೀಟಿ ಅಂಟಿಸುತ್ತಿದ್ದ ಕಾಲದಲ್ಲಿ ನಮ್ಮ ಡಿಸ್ಪ್ಯಾಚ್ ಸೆಕ್ಷನ್ನಿನ ಡ್ರಾಯರಿನಿಂದ ಚೀಟಿ ಮಾಯವಾಗುವುದು ಮಾಮೂಲಿ. ಫ್ರಾಂಕಿಂಗ್ ಮಷೀನ್ ಬಂದ ಮೇಲೆ ಆ ರಗಳೆ ತಪ್ಪಿತು. ದರ ಹೊಂದಿಸಿ, ಕವರು ಇಟ್ಟು, ಹಿಡಿ ತಿರುವಿದರೆ ದರ, ತಾರೀಖು, ಲೈಸೆನ್ಸ್ ನಂಬರು ಎಲ್ಲ ಕೆಂಪು ಮಸಿಯಲ್ಲಿ ಒತ್ತಿ ಬೀಳುತ್ತಿತ್ತು. ಕದ್ದು ಮಾರಲು ಅದರಲ್ಲೇನಿದೆ? ತಾರೀಖು ಮೊದಲೇ ಬಿದ್ದಿರುವುದರಿಂದ ಅಂಚೆಯವರಿಗೆ ಠಸ್ಸೆ ಹೊಡೆಯುವ ಕೆಲಸವೂ ಉಳಿಯಿತು. ಕಟ್ಟು ಕಟ್ಟಿ, ಗೊತ್ತುಮಾಡಿದ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೊಟ್ಟುಬಂದರಾಯಿತು.

ನನಗೆ ಹಿಡಿಸಿದ್ದು ಅದರ ಎರಡು ಲೆಕ್ಕಗಳು. ಒಂದರಲ್ಲಿ ಈವರೆಗೆ ಖರ್ಚಾದದ್ದು ಏರುತ್ತದೆ, ಇನ್ನೊಂದರಲ್ಲಿ ಮುಂಗಡ ಕಟ್ಟಿದ್ದರಲ್ಲಿ ಉಳಿದದ್ದು ಇಳಿಯುತ್ತದೆ. ಮತ್ತೆ ದುಡ್ಡು ತುಂಬಿಸುವವರೆಗೆ ಎರಡನ್ನೂ ಕೂಡಿದರೆ ಬರುವ ಮೊತ್ತ ಒಂದೇ. ತುಂಬಿಸಲು ಮಷೀನನ್ನೇ ಅಂಚೆ ಕಚೇರಿಗೆ ಹೊತ್ತುಕೊಂಡು ಹೋಗಬೇಕಿತ್ತು. ಅವರು ಅಂಕಿ ಕೂರಿಸಿ ಸೀಸದ ಸೀಲು ಹಾಕಿ ಕೊಡುತ್ತಿದ್ದರು. ಸೀಲು ಸರಿಯಿದ್ದು ಮೊತ್ತ ತಾಳೆಯಾದರೆ ಯಾರ ಮೇಲೂ ಅನುಮಾನವಿಲ್ಲ.

ಅಲ್ಲೇ ನನ್ನ ತಕರಾರು. ಒಮ್ಮೆ ಮ್ಯಾನೇಜರ್ ಸಾಹೇಬರ ಮಗನ ಲಗ್ನಪತ್ರಿಕೆಗಳೂ ಅದೇ ಮಷೀನಿನಲ್ಲಿ ಕೆಂಪಗಾಗಿ ಹೊರಟವು. ಮೊತ್ತ ಪೈಸೆ ತಪ್ಪದೆ ತಾಳೆಯಾಯಿತು! ಎಷ್ಟು ಎಂದು ಬರೆದಿಡುವ ಯಂತ್ರಕ್ಕೆ ಯಾತಕ್ಕೆ ಎಂಬ ಉಸಾಬರಿ ಇರಲಿಲ್ಲ. ಚಿತ್ರಗುಪ್ತನ ಪುಸ್ತಕವೂ ಹೀಗೇ ಇದ್ದರೆ ಪಾಪಿಗಳು ನಿಶ್ಚಿಂತೆಯಿಂದಿರಬಹುದು.

ನಮ್ಮ ಜೈನರ ಲೆಕ್ಕ ಇಷ್ಟು ಸಲೀಸಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅದರ ಗುಣಾಕಾರವಿದೆ. ಸಂಕಲ್ಪಿಸಿದ್ದು, ಸಜ್ಜುಮಾಡಿಕೊಂಡದ್ದು, ಕೈಹಚ್ಚಿದ್ದು ಮೂರು. ಮನಸ್ಸು, ಮಾತು, ಮೈ ಮೂರು. ಕೃತ, ಕಾರಿತ, ಅನುಮತ, ಅಂದರೆ ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು, ಮತ್ತೆ ಮೂರು. ಇವನ್ನು ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ 108. ಜಪಮಾಲೆಗೆ ಅಷ್ಟು ಮಣಿ ಯಾಕೆ ಎಂದರೆ ನಮ್ಮಜ್ಜಿ ಇದನ್ನೇ ಹೇಳುತ್ತಿದ್ದರು.

ಸಾಹೇಬರದು ಕಾರಿತ, ಖಾತೆ ಲೋಭದ್ದು, ಅದರಲ್ಲಿ ಗೊಂದಲವಿಲ್ಲ. ಹಿಡಿ ತಿರುವಿದ ಪ್ಯೂನನದು ಕೃತ. ಆದರೆ ಅವನಿಂದ ಹಿಡಿ ತಿರುವಿಸಿದ್ದು ಭಯ, ನೌಕರಿ ಹೋದೀತೆಂಬ ಭಯ. ಭಯ ಆ ನಾಲ್ಕರ ಸಾಲಿನಲ್ಲಿಲ್ಲ, ಒಂಬತ್ತು ನೋಕಷಾಯಗಳಲ್ಲಿ, ಅಂದರೆ ಕಿರುಕಷಾಯಗಳಲ್ಲಿ, ಒಂದು. ಅವನಿಗೂ ಕರ್ಮ ಅಂಟಿತು, ತೆಳುವಾಗಿ ಅಂಟಿತು ಎಂದು ನಾನು ಓದಿಕೊಳ್ಳುತ್ತೇನೆ. ಅಧಿಕಾರ ಇದ್ದವರನ್ನೂ ಇಲ್ಲದವರನ್ನೂ ಒಂದೇ ತಕ್ಕಡಿಯಲ್ಲಿ ತೂಗದ ಧರ್ಮವೇ ನನಗೆ ಸರಿ.

ಕಷ್ಟ ಇರುವುದು ಅನುಮತದಲ್ಲಿ. "ನಾನೇನು ಮಾಡಿದೆನಮ್ಮಾ, ನೋಡಿ ಸುಮ್ಮನಿದ್ದೆ ಅಷ್ಟೆ" ಎಂದು ನಮ್ಮ ಅಕೌಂಟೆಂಟರು ಈಗಲೂ ವಾದಿಸುತ್ತಾರೆ. ಅವತ್ತಿನ ರೀಡಿಂಗಿನ ಕೆಳಗೆ ನಿಮ್ಮ ಸಹಿ ಇದೆಯಲ್ಲ ಎಂದೆ. "ಹೌದು, ಮದುವೆಯಲ್ಲಿ ಹೋಳಿಗೆ ಬಡಿಸುವಾಗ ನೀವೂ ನನ್ನ ಪಕ್ಕದ ಎಲೆಯಲ್ಲೇ ಕೂತಿದ್ದಿರಿ" ಎಂದರು.